ಕೇಳುವ ಪುಸ್ತಕ ಯಾರಿಗಾಗಿ ಹುಟ್ಟಿತು? ಆಡಿಯೊ ಬುಕ್ ನಡೆದು ಬಂದ ದಾರಿ

ಕನ್ನಡದಲ್ಲಿ ಹೊಸದಾಗಿ ಬರುತ್ತಿರುವ ಆಡಿಯೊ ಬುಕ್‌ಗಳ ಪಟ್ಟಿ ತೆಗೆದು ನೋಡಿ. ಇತಿಹಾಸ, ಜೀವನಚರಿತ್ರೆ, ಕಾದಂಬರಿ, ಸಮಾಜದ ಪ್ರಶ್ನೆಗಳ ಕುರಿತ ಬರಹ, ಎಲ್ಲವೂ ಸ್ವಲ್ಪ ಸ್ವಲ್ಪ ಸಿಗುತ್ತವೆ. ಅಡುಗೆ ಮಾಡುತ್ತಾ, ವಾಕಿಂಗ್ ಹೋಗುತ್ತಾ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಾಗ ಜನ ಕೇಳುತ್ತಾರೆ. ಹಾಗಾಗಿ ಇದು ಪುರುಸೊತ್ತಿಲ್ಲದ ನಗರದವರಿಗಾಗಿ ಹುಟ್ಟಿದ್ದು ಅನ್ನಿಸುವುದು ಸಹಜ. ಆದರೆ ಕೇಳುವ ಪುಸ್ತಕವನ್ನು ಮೊದಲು ಬಯಸಿದವರು, ಅದಕ್ಕಾಗಿ ಹೋರಾಡಿದವರು, ಅದನ್ನು ತಿದ್ದಿ ಬೆಳೆಸಿದವರು ಕಣ್ಣು ಕಾಣದ ಓದುಗರು. ಈ ಹಿನ್ನೆಲೆ ಗೊತ್ತಿದ್ದರೆ, ಇವತ್ತು ಕನ್ನಡದಲ್ಲಿ ಏನು ಬರುತ್ತಿದೆ, ಏನು ಬರುತ್ತಿಲ್ಲ, ಯಾಕೆ ಅನ್ನುವುದೂ ತಿಳಿಯುತ್ತದೆ.

ಥಾಮಸ್ ಎಡಿಸನ್ ಫೋನೋಗ್ರಾಫ್ ತಯಾರಿಸಿದ್ದು 1877ರಲ್ಲಿ. ಮರುವರ್ಷ ಒಂದು ಪತ್ರಿಕೆಗೆ ಲೇಖನ ಬರೆದು, ಈ ಯಂತ್ರ ಏನೇನಕ್ಕೆ ಬಳಕೆಯಾದೀತು ಎಂದು ಪಟ್ಟಿ ಕೊಟ್ಟರು. ಅದರಲ್ಲಿ ಅಂಧರಿಗೆ ಓದಿ ಹೇಳುವ ಪುಸ್ತಕ ಸಂಗೀತಕ್ಕಿಂತ ಮೇಲಿದೆ. ಆಸೆಯೇನೋ ದೊಡ್ಡದು, ಯಂತ್ರದ ಶಕ್ತಿ ಸಣ್ಣದು. ತೆಳು ತಗಡಿನ ಮೇಲೆ ಮೂಡಿದ ದನಿ ಕೆಲವು ಸಲ ಕೇಳುವಷ್ಟರಲ್ಲಿ ಸವೆದುಹೋಗುತ್ತಿತ್ತು. ಮುಂದೆ ಗ್ರಾಮಫೋನ್ ಪ್ಲೇಟುಗಳು ಬಂದವು. ಅವುಗಳ ಒಂದು ಮಗ್ಗುಲಲ್ಲಿ ಮೂರ್ನಾಲ್ಕು ನಿಮಿಷ ಮಾತ್ರ. ಒಂದು ಹಾಡಿಗೆ ಅಷ್ಟು ಸಾಕು. ಓದಲು ಎಂಟು ಗಂಟೆ ಹಿಡಿಯುವ ಕಾದಂಬರಿಗೆ ಅರವತ್ತು ಪ್ಲೇಟಾದರೂ ಬೇಕು. ಯಾರು ಮಾಡುತ್ತಾರೆ, ಯಾರು ಕೊಳ್ಳುತ್ತಾರೆ?

ಆ ಪ್ರಶ್ನೆಯನ್ನು ಬಿಡದೆ ಹಿಡಿದವರು ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರು. ಬ್ರೈಲ್ ಇತ್ತು, ನಿಜ. ಆದರೆ ದೊಡ್ಡವರಾದ ಮೇಲೆ ಬೆರಳ ತುದಿಯಲ್ಲಿ ಓದು ಕಲಿಯುವುದು ಸುಲಭವಲ್ಲ. 1916ರಲ್ಲಿ ಸೊಮ್ ಕದನದಲ್ಲಿ ದೃಷ್ಟಿ ಕಳೆದುಕೊಂಡ ಇಯಾನ್ ಫ್ರೇಸರ್ ಎಂಬ ಅಧಿಕಾರಿ ಮುಂದೆ ಬ್ರಿಟನ್ನಿನಲ್ಲಿ ಅಂಧ ಸೈನಿಕರ ಸಂಸ್ಥೆ ಸೇಂಟ್ ಡನ್‌ಸ್ಟನ್ಸ್ ನಡೆಸಿದರು. ಪ್ಲೇಟು ನಿಧಾನವಾಗಿ ತಿರುಗಬೇಕು, ಗೆರೆಗಳು ಒತ್ತೊತ್ತಾಗಿರಬೇಕು, ಆಗ ಹೆಚ್ಚು ಹೊತ್ತಿನ ಓದು ಹಿಡಿಸುತ್ತದೆ ಎಂದು ವರ್ಷಗಟ್ಟಲೆ ಪ್ರಯೋಗ ನಡೆಯಿತು. ಕೊನೆಗೆ ಒಂದು ಮಗ್ಗುಲಿಗೆ ಸುಮಾರು 25 ನಿಮಿಷ ದಕ್ಕಿತು. 1935ರ ನವೆಂಬರಿನಲ್ಲಿ ಮೊದಲ ಪುಸ್ತಕಗಳು ಓದುಗರ ಮನೆಗೆ ಹೋದವು. ಆ ಮೊದಲ ಕಂತಿನಲ್ಲಿ ಅಗಾಥಾ ಕ್ರಿಸ್ಟಿಯವರ ಒಂದು ಪತ್ತೇದಾರಿ ಕಾದಂಬರಿ ಇತ್ತು ಅನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ. ಕಣ್ಣಿಲ್ಲದವರಿಗೆ ಉಪದೇಶದ ಪುಸ್ತಕ ಸಾಕು ಅಂತ ಯಾರೂ ತೀರ್ಮಾನ ಮಾಡಲಿಲ್ಲ. ಎಲ್ಲರೂ ಓದುವುದನ್ನೇ ಅವರಿಗೂ ಕೊಟ್ಟರು.

ಅಮೆರಿಕದಲ್ಲಿ ಇದಕ್ಕೆ ಒಂದು ವರ್ಷ ಮೊದಲೇ, 1934ರಲ್ಲಿ, ಇಂಥ ಪುಸ್ತಕಗಳು ಓದುಗರಿಗೆ ಸಿಗತೊಡಗಿದ್ದವು. ಅಂಧರ ಪುಸ್ತಕಗಳಿಗೆ ವರ್ಷಕ್ಕೆ ಒಂದು ಲಕ್ಷ ಡಾಲರ್ ಕೊಡುವ ಕಾನೂನು 1931ರಲ್ಲಿ ಬಂತು. 1933ರಲ್ಲಿ ಅದಕ್ಕೆ ಮಾತಾಡುವ ಪುಸ್ತಕಗಳನ್ನೂ ಸೇರಿಸಿದರು. ಆಗ ಅಂಧರ ಪರವಾಗಿ ದುಡಿಯುತ್ತಿದ್ದ ಲೇಖಕಿ ಹೆಲೆನ್ ಕೆಲರ್ ಮೊದಲು ಒಪ್ಪಲಿಲ್ಲ. ದೇಶದಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡು ಕೂತಿರುವಾಗ ಗ್ರಾಮಫೋನಿಗೆ ಹಣ ಕೇಳಲು ಅವರಿಗೆ ಮನಸ್ಸು ಬರಲಿಲ್ಲ. ಆಮೇಲೆ ಮನಸ್ಸು ಬದಲಿಸಿ ತಾವೇ ಅದರ ಪರವಾಗಿ ಓಡಾಡಿದರು. ಕೇಳುವ ಯಂತ್ರಗಳನ್ನು ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರಕಾರಿ ಯೋಜನೆಯಲ್ಲೇ ತಯಾರಿಸಲಾಯಿತು. ಕೆಲರ್ ಅವರಿಗೆ ಕಣ್ಣೂ ಕಾಣುತ್ತಿರಲಿಲ್ಲ, ಕಿವಿಯೂ ಕೇಳುತ್ತಿರಲಿಲ್ಲ. ತಮಗೆ ಎಂದೂ ಉಪಯೋಗಕ್ಕೆ ಬಾರದ ಪುಸ್ತಕಕ್ಕಾಗಿ ಅವರು ಬಾಗಿಲು ಬಾಗಿಲು ತಟ್ಟಿದರು.

ನಿಧಾನವಾಗಿ ತಿರುಗುವ ಎಲ್‌ಪಿ ಪ್ಲೇಟು ಸಂಗೀತದ ಅಂಗಡಿಗಳಿಗೆ ಬಂದದ್ದು 1948ರಲ್ಲಿ. ಅಂಧ ಓದುಗರು ಅಂಥ ಪ್ಲೇಟುಗಳನ್ನು ಅದಕ್ಕೂ ಹದಿನಾಲ್ಕು ವರ್ಷ ಮೊದಲೇ ಕೇಳುತ್ತಿದ್ದರು. ಇನ್ನೊಂದು ವಿಷಯವೂ ಆಗಲೇ ಶುರುವಾಯಿತು. ಪ್ರಕಾಶಕರು ಅನುಮತಿ ಕೊಟ್ಟರು, ಆದರೆ ಈ ಪ್ಲೇಟುಗಳು ಅಂಧರಿಗೆ ಮಾತ್ರ, ಬೇರೆಯವರಿಗೆ ಮಾರಬಾರದು ಅಂತ ಷರತ್ತು ಹಾಕಿದರು. ಹಕ್ಕಿನ ಈ ಗಂಟು ಇವತ್ತಿಗೂ ಪೂರ್ತಿ ಬಿಚ್ಚಿಲ್ಲ.

ಮಾರುಕಟ್ಟೆಯ ಕಥೆ ಬೇಗ ಹೇಳಿ ಮುಗಿಸಬಹುದು. 1952ರಲ್ಲಿ ನ್ಯೂಯಾರ್ಕಿನ ಇಬ್ಬರು ಯುವತಿಯರು ಕವಿ ಡಿಲನ್ ಥಾಮಸ್ ಅವರಿಂದಲೇ ಓದಿಸಿ ಕೇಡ್‌ಮನ್ ಎಂಬ ಕಂಪನಿ ಕಟ್ಟಿದರು. 1963ರಲ್ಲಿ ಫಿಲಿಪ್ಸ್ ಕ್ಯಾಸೆಟ್ ತಂದಿತು. ಕ್ಯಾಲಿಫೋರ್ನಿಯಾದಲ್ಲಿ ದಿನಾ ದೂರದ ಆಫೀಸಿಗೆ ಕಾರು ಓಡಿಸಿ ಬೇಸತ್ತ ಡುವಾಲ್ ಹೆಕ್ಟ್ ಎಪ್ಪತ್ತರ ದಶಕದ ನಡುವಿನಲ್ಲಿ ಪೂರ್ತಿ ಪುಸ್ತಕಗಳನ್ನು ಕ್ಯಾಸೆಟ್ಟಿಗೆ ಓದಿಸಿ ಅಂಚೆಯಲ್ಲಿ ಬಾಡಿಗೆಗೆ ಕಳಿಸತೊಡಗಿದರು. 1995ರಲ್ಲಿ ಆಡಿಯೊ ಬುಕ್ ಮಾರುವ ಆಡಿಬಲ್ ಕಂಪನಿ ಹುಟ್ಟಿತು, 2008ರಲ್ಲಿ ಅಮೆಜಾನ್ ಅದನ್ನು ಕೊಂಡುಕೊಂಡಿತು. ಅಂಥದ್ದೇ ಕಂಪನಿ, ಸ್ವೀಡನ್ನಿನ ಸ್ಟೋರಿಟೆಲ್, 2017ರಲ್ಲಿ ಭಾರತಕ್ಕೆ ಬಂತು. ಕನ್ನಡಕ್ಕೆಂದೇ ಮೈಲ್ಯಾಂಗ್ ತರಹದ ತಾಣಗಳೂ ಆಮೇಲೆ ಎದ್ದವು.

ಕೇಳಿ ತಿಳಿಯುವುದು ನಮಗೇನೂ ಹೊಸದಲ್ಲ. ಕುಮಾರವ್ಯಾಸ ಭಾರತ, ಜೈಮಿನಿ ಭಾರತ ಅಕ್ಷರ ಬಾರದವರ ನಾಲಿಗೆಯ ಮೇಲೂ ನಿಂತಿದ್ದು ಕಿವಿಯಿಂದಲೇ. ಗಮಕಿ ಒಂದು ಷಟ್ಪದಿ ವಾಚಿಸುತ್ತಾರೆ, ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಅದನ್ನು ಬಿಡಿಸಿ ಹೇಳುತ್ತಾರೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಲಂಡನ್ನಿನಿಂದ ಆ ಪ್ಲೇಟು ಪುಸ್ತಕಗಳು ಹೊರಟ 1935ರಲ್ಲೇ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಆರಂಭಿಸಿದರು. ಆದರೆ ಗಮಕಕ್ಕೂ ರೇಡಿಯೊಕ್ಕೂ ಒಂದು ಮಿತಿ ಇದೆ. ಅವರು ಓದುವ ಹೊತ್ತಿಗೆ ನಾವು ಅಲ್ಲಿರಬೇಕು. ಬೇಕಾದಲ್ಲಿ ನಿಲ್ಲಿಸಿ, ಎರಡು ಪುಟ ಹಿಂದೆ ಹೋಗಿ ಮತ್ತೆ ಕೇಳಲು ಆಗುವುದಿಲ್ಲ.

ಪರೀಕ್ಷೆಗೆ ಓದುವ ವಿದ್ಯಾರ್ಥಿಗೆ ಹಿಂದೆ ಹೋಗುವುದೇ ಮುಖ್ಯ, ಅಲ್ವಾ? ಕ್ಯಾಸೆಟ್ಟಿನಲ್ಲಿ 112ನೇ ಪುಟ ಹುಡುಕುವುದೆಂದರೆ ಮುಂದೆ ಓಡಿಸು, ನಿಲ್ಲಿಸು, ಕೇಳು, ಮತ್ತೆ ಹಿಂದೆ ಓಡಿಸು. ಇದಕ್ಕೆ ಪರಿಹಾರವೂ ಅಂಧರ ಗ್ರಂಥಾಲಯಗಳಿಂದಲೇ ಬಂತು. ಸ್ವೀಡನ್ನಿನಲ್ಲಿ ತೊಂಬತ್ತರ ದಶಕದಲ್ಲಿ ಡೈಸಿ ಎಂಬ ವ್ಯವಸ್ಥೆ ರೂಪುಗೊಂಡಿತು. ಅಧ್ಯಾಯಕ್ಕೆ, ಉಪಶೀರ್ಷಿಕೆಗೆ, ಬೇಕಾದ ಪುಟಕ್ಕೆ ನೇರವಾಗಿ ಜಿಗಿಯಬಹುದು. 1996ರಲ್ಲಿ ಹಲವು ದೇಶಗಳ ಗ್ರಂಥಾಲಯಗಳು ಸೇರಿ ಅದಕ್ಕಾಗಿ ಒಕ್ಕೂಟ ಕಟ್ಟಿದವು. ಬೆಂಗಳೂರಿನಲ್ಲಿ 1990ರಲ್ಲಿ ಶುರುವಾದ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಸ್ವಯಂಸೇವಕರಿಂದ ಓದಿಸಿ ಪುಸ್ತಕ ಸಿದ್ಧ ಮಾಡುತ್ತಾ ಬಂದಿವೆ. ಕನ್ನಡದ ಆಡಿಯೊ ಬುಕ್ ಅಂದಾಗ ಮೊದಲು ನೆನೆಯಬೇಕಾದವರು ಇವರು.

ಓದುವ ಕೆಲಸ ಎಷ್ಟು ಕಷ್ಟ ಅನ್ನುವುದು ಹತ್ತಿರದಿಂದ ನೋಡಿದರೇ ಗೊತ್ತಾಗುವುದು. ಇತಿಹಾಸದ ಪುಸ್ತಕದಲ್ಲಿ 1799 ಅಂತ ಇದೆ. ಸಾವಿರದ ಏಳುನೂರ ತೊಂಬತ್ತೊಂಬತ್ತು ಅನ್ನಬೇಕೋ, ಹದಿನೇಳುನೂರ ತೊಂಬತ್ತೊಂಬತ್ತು ಅನ್ನಬೇಕೋ? ಮೊದಲ ಪುಟದಲ್ಲೇ ತೀರ್ಮಾನಿಸಿ ಕೊನೆಯವರೆಗೂ ಹಾಗೇ ಓದಬೇಕು. ಅಡಿಟಿಪ್ಪಣಿಯನ್ನು ಅಲ್ಲೇ ಓದುವುದೋ, ಅಧ್ಯಾಯದ ಕೊನೆಗೋ? ಹಳೆಯ ಪತ್ರವೊಂದನ್ನು ಲೇಖಕರು ಎತ್ತಿಕೊಟ್ಟಿದ್ದರೆ ಅದು ಎಲ್ಲಿ ಮುಗಿಯಿತು ಅಂತ ಕಿವಿಗೆ ಹೇಗೆ ತಿಳಿಯಬೇಕು? ಉದ್ಧರಣ ಚಿಹ್ನೆ ಕೇಳಿಸುವುದಿಲ್ಲ, ಆದ್ದರಿಂದ ಅರೆಕ್ಷಣ ನಿಂತು, ದನಿ ಒಂದು ಮೆಟ್ಟಿಲು ಇಳಿಸಬೇಕು. ಕಾದಂಬರಿಯ ಕಷ್ಟ ಬೇರೆ. ಧಾರವಾಡದ ಅಜ್ಜಿ ಬೆಂಗಳೂರಿನ ರಾಗದಲ್ಲಿ ಮಾತಾಡಿದರೆ ಅಲ್ಲಿಗೆ ಕಥೆ ಕೆಟ್ಟಂತೆ. ಆತ್ಮಕಥೆಯನ್ನು ಬರೆದವರೇ ಓದಿದರೆ ಉಚ್ಚಾರ ಅಷ್ಟು ತಿದ್ದಿದಂತಿರದಿದ್ದರೂ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ. ಊರು, ಕೇರಿ, ವಯಸ್ಸು ಎಲ್ಲ ಆ ದನಿಯಲ್ಲೇ ಇರುತ್ತದೆ. ಕಂಪ್ಯೂಟರಿನ ದನಿ ದಿನಪತ್ರಿಕೆಗೆ, ಸುತ್ತೋಲೆಗೆ ತುಂಬ ಅನುಕೂಲ. ಕಾದಂಬರಿಯನ್ನು ಅದರ ಕೈಗೆ ಕೊಡಲು ನನಗಂತೂ ಮನಸ್ಸಿಲ್ಲ.

ಇನ್ನು ಹಕ್ಕಿನ ವಿಷಯ. ಜನ ಬೇಕೆಂದು ಕೇಳುವ ಎಷ್ಟೋ ಒಳ್ಳೆಯ ಪುಸ್ತಕಗಳು ಆಡಿಯೊದಲ್ಲಿ ಯಾಕಿಲ್ಲ ಅಂದರೆ, ಕಾರಣದ ದೊಡ್ಡ ಪಾಲು ಇಲ್ಲಿದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ಒಪ್ಪಂದ ಮಾಡಿಕೊಂಡಾಗ ಇಲ್ಲದಿದ್ದ ಅಥವಾ ವ್ಯಾಪಾರದ ಬಳಕೆಯಲ್ಲಿರದ ಮಾಧ್ಯಮಕ್ಕೆ ಆ ಒಪ್ಪಂದ ಅನ್ವಯಿಸುವುದಿಲ್ಲ, ಅದರ ಹೆಸರನ್ನು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅನ್ವಯ. ಬರೆಹಗಾರರಿಗೆ ಇದು ಒಳ್ಳೆಯ ರಕ್ಷಣೆ. ಲೇಖಕರು ತೀರಿಕೊಂಡಿದ್ದರೆ ಮಾತ್ರ ಕಷ್ಟ. ಮೂವರು ಮಕ್ಕಳು ಮೂರು ಊರಲ್ಲಿರುತ್ತಾರೆ, ಯಾರ ಸಹಿ ಬೇಕು ಅಂತ ಅವರಿಗೇ ಗೊತ್ತಿರುವುದಿಲ್ಲ. ಲೇಖಕರು ತೀರಿಕೊಂಡು 60 ವರ್ಷ ದಾಟಿದ ಮೇಲೆ ಈ ತೊಡಕಿಲ್ಲ. 1930ರಲ್ಲಿ ನಿಧನರಾದ ಎಂ.ಎಸ್. ಪುಟ್ಟಣ್ಣ, 1942ರಲ್ಲಿ ನಿಧನರಾದ ಗಳಗನಾಥರ ಕೃತಿಗಳನ್ನು ಇವತ್ತು ಯಾರು ಬೇಕಾದರೂ ಓದಿ ಹಂಚಬಹುದು. ಈಗ ಹೊಸ ಒಪ್ಪಂದಕ್ಕೆ ಸಹಿ ಹಾಕುವವರು ಆಡಿಯೊ ಬಗ್ಗೆ ಬೇರೆಯೇ ಸಾಲು ಬರೆಸಿ, ಎಷ್ಟು ವರ್ಷಕ್ಕೆ ಅನ್ನುವುದನ್ನೂ ಹಾಕಿಸಬೇಕು. ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು ಎಣಿಸುತ್ತದೆ.

ಅದೇ ತಿದ್ದುಪಡಿ ಅಂಗವಿಕಲ ಓದುಗರಿಗೆ ಇನ್ನೂ ದೊಡ್ಡದೊಂದನ್ನು ಕೊಟ್ಟಿತು. ಅವರಿಗಾಗಿ, ಲಾಭದ ಉದ್ದೇಶವಿಲ್ಲದೆ, ಯಾವುದೇ ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ತರಲು ಯಾರ ಅನುಮತಿಯೂ ಬೇಡ. 2013ರಲ್ಲಿ ಮರಾಕೇಶ್ ಒಪ್ಪಂದ ಎಂಬ ಅಂತರರಾಷ್ಟ್ರೀಯ ಒಪ್ಪಂದ ಸಿದ್ಧವಾದಾಗ, ಅದನ್ನು ಅನುಮೋದಿಸಿದ ಮೊದಲ ದೇಶ ಭಾರತ, 2014ರ ಜೂನಿನಲ್ಲಿ. ಇಂಥ ಪುಸ್ತಕ ದೇಶದ ಗಡಿ ದಾಟಲು ಅದು ದಾರಿ ಮಾಡಿತು. ಅಮೆರಿಕ 2019ರಲ್ಲಿ ಸೇರಿಕೊಂಡಿತು. ಹಾಗಾಗಿ ಬೆಂಗಳೂರಿನಲ್ಲಿ ಓದಿ ಸಿದ್ಧಪಡಿಸಿದ ಕನ್ನಡ ಪುಸ್ತಕ ಅಲ್ಲಿರುವ ಅಂಧ ಕನ್ನಡಿಗರಿಗೆ ಸಂಸ್ಥೆಗಳ ಮೂಲಕ ಕಾನೂನುಬದ್ಧವಾಗಿಯೇ ತಲುಪಬಹುದು. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಇಂಥ ಪುಸ್ತಕಗಳನ್ನು ಒಂದೆಡೆ ಸೇರಿಸಲಾಗುತ್ತಿದೆ.

ಕಾನೂನು ಇಷ್ಟು ಮುಂದಿದ್ದರೂ ಕನ್ನಡದ ಕೆಲಸ ಕುಂಟುವುದು ಪುಸ್ತಕದ ಕಂಪ್ಯೂಟರ್ ಫೈಲಿನಲ್ಲಿ. ನಮ್ಮ ಎಷ್ಟೋ ಪುಸ್ತಕಗಳನ್ನು ಯೂನಿಕೋಡ್ (ಯಾವ ಕಂಪ್ಯೂಟರಾದರೂ ಅಕ್ಷರ ಗುರುತಿಸುವ ಸಾಮಾನ್ಯ ಪದ್ಧತಿ) ಅಲ್ಲದ ಹಳೆಯ ಫಾಂಟುಗಳಲ್ಲಿ ಡಿಟಿಪಿ ಮಾಡಲಾಗಿದೆ. ನಮ್ಮ ಕಣ್ಣಿಗೆ ಅದು ಕನ್ನಡ. ಓದಿ ಹೇಳುವ ಸಾಫ್ಟ್‌ವೇರಿಗೆ ಸುಮ್ನೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಪ್ರಕಾಶಕರು ಹೊಸ ಪುಸ್ತಕವನ್ನು ಯೂನಿಕೋಡಿನಲ್ಲೇ ಸಿದ್ಧಪಡಿಸಿ, ಒಂದು ಪ್ರತಿಯನ್ನು ಇಂಥ ಗ್ರಂಥಾಲಯಗಳಿಗೆ ಕೊಟ್ಟರೆ ಅಂಧ ಓದುಗರು ಆಡಿಯೊ ಬರುವ ತನಕ ಕಾಯಬೇಕಿಲ್ಲ. ಪುಸ್ತಕ ಅಂಗಡಿಗೆ ಬಂದ ದಿನವೇ ಓದಬಹುದು. ಓದಿಕೊಡಲು ಆಸೆ ಇರುವವರು ಒಂದು ಮಾತು ಗಮನಿಸಿ. ಸ್ವಯಂಸೇವಕರಾಗಿ ಬರುವವರಿಗೆ ಕಥೆ ಓದಲು ಉತ್ಸಾಹ ಜಾಸ್ತಿ. ವಿದ್ಯಾರ್ಥಿಗಳಿಗೆ ತುರ್ತಾಗಿ ಬೇಕಿರುವುದು ಪಿಯುಸಿ, ಪದವಿ ತರಗತಿಯ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು. ಅವುಗಳಲ್ಲಿ ಕೋಷ್ಟಕ, ನಕ್ಷೆ, ಗ್ರಾಫ್ ತುಂಬಿರುತ್ತವೆ. ಅವನ್ನು ಹಾರಿಸಿ ಓದುವಂತಿಲ್ಲ. ಎಡಗಡೆಯ ಕಾಲಂನಲ್ಲಿ ಏನಿದೆ, ಗೆರೆ ಯಾವ ವರ್ಷ ಏರಿದೆ, ಎಲ್ಲಿ ಇಳಿದಿದೆ ಎಂದು ಒಂದೊಂದನ್ನೂ ಮಾತಿನಲ್ಲಿ ಬಿಡಿಸಿ ಹೇಳಬೇಕು.