ಗಲ್ಲಾಪೆಟ್ಟಿಗೆಯ ಪಕ್ಕ ಲೇಖಕರಿಗೊಂದು ಕುರ್ಚಿ

ಕಳೆದ ಆಷಾಢದ ಒಂದು ಭಾನುವಾರ ಸಂಜೆ ಶಿರಸಿಯ ಪುಸ್ತಕದಂಗಡಿಯೊಂದರಲ್ಲಿ ಲೇಖಕರೊಬ್ಬರು ತಮ್ಮ ಹೊಸ ಕಥಾಸಂಕಲನದಿಂದ ಓದಿದರು. ಅಂಗಡಿ ದೊಡ್ಡದಲ್ಲ. ನೋಟ್‌ಬುಕ್ಕಿನ ಕಟ್ಟುಗಳನ್ನು ಹಿಂದಿನ ಕೋಣೆಗೆ ಸಾಗಿಸಿ, ಕಂಪಾಸ್ ಪೆಟ್ಟಿಗೆಗಳ ಗಾಜಿನ ಕಪಾಟನ್ನು ಗೋಡೆಗೆ ಒತ್ತರಿಸಿ, ಬಾಡಿಗೆಯ ಇಪ್ಪತ್ತೈದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಲೇಖಕರಿಗೊಂದು ಮರದ ಕುರ್ಚಿ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ತಗಡಿನ ಮೇಲೆ ಮಳೆ ಹೇಗೆ ಬಡಿಯಿತೆಂದರೆ, ಕಥೆಯ ಹೆಂಗಸು ಬಸ್ಸು ಹತ್ತಿದಳೋ ಇಳಿದಳೋ ಹಿಂದಿನ ಸಾಲಿನವರಿಗೆ ತಿಳಿಯಲಿಲ್ಲ. ಓದು ನಿಂತಿತು, ಎಲ್ಲರೂ ಚಹಾ ಕುಡಿದೆವು. ಮಳೆ ಇಳಿದ ಮೇಲೆ ಅದೇ ಬಸ್ಸಿನಿಂದ ಮತ್ತೆ ಶುರು.

ಸಹಿಯ ಹೊತ್ತಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯಕರ. ಬೆಂಗಳೂರಿನಿಂದ ಬಂದಿದ್ದ ಲೇಖಕರು ಮೊದಲ ಪ್ರತಿಯ ಮೇಲೆ ‘ಹೆಗ್ಡೆಯವರಿಗೆ ಪ್ರೀತಿಯಿಂದ’ ಎಂದು ಬರೆದುಬಿಟ್ಟರು. ಪುಸ್ತಕ ಕೊಂಡವರು ಹೆಗಡೆ. ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ಆ ಒಂದು ಒತ್ತಕ್ಷರ ಊರು, ಮನೆತನ ಎಲ್ಲವನ್ನೂ ಬದಲಿಸುತ್ತದೆ. ಅಂಗಡಿಯವರು ಆ ಪ್ರತಿಯನ್ನು ಬದಿಗಿಟ್ಟು ಬೇರೊಂದನ್ನು ಕೊಟ್ಟರು. ಅಲ್ಲಿಂದ ಮುಂದೆ ಪ್ರತಿಯೊಬ್ಬರೂ ಚೀಟಿಯ ಮೇಲೆ ಹೆಸರು ಬರೆದುಕೊಂಡೇ ಮುಂದೆ ಬರಬೇಕೆಂದಾಯಿತು. ಸಾಲಿನ ಕೊನೆಯಲ್ಲಿದ್ದ ನಿವೃತ್ತ ಮಾಸ್ತರರೊಬ್ಬರು ಸಹಿ ಹಾಕಿಸಿಕೊಂಡು, ಪುಸ್ತಕವನ್ನು ಚೀಲಕ್ಕೆ ಸೇರಿಸಿ, ಕೈಮುಗಿದು ಹೊರಟೇಬಿಟ್ಟರು. ಅಂಗಡಿಯ ಹುಡುಗ ಬಾಗಿಲಲ್ಲಿ ಮೆಲ್ಲಗೆ ದುಡ್ಡಿನ ವಿಷಯ ಎತ್ತಿದಾಗ ನಾಚಿಕೊಂಡು ಪಾಕೀಟು ತೆಗೆದರು. “ಸಹಿ ಹಾಕಿ ಕೊಟ್ಟರಲ್ಲ, ಗೌರವ ಪ್ರತಿ ಎಂದುಕೊಂಡೆ ಮಾರಾಯ.”

ನಾವೆಲ್ಲ ನಕ್ಕೆವು. ಆದರೆ ಮಾಸ್ತರರು ತಪ್ಪು ತಿಳಿದದ್ದಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಕಾರಣವಿದೆ. ಕನ್ನಡದಲ್ಲಿ ಸಹಿಯಿರುವ ಪುಸ್ತಕ ಎಂದರೆ ದುಡ್ಡು ಕೊಡದೆ ಬಂದ ಪುಸ್ತಕ ಎಂದೇ ರೂಢಿ.

ಸಹಿ ಮೊದಲು ಬಂದದ್ದು ಪ್ರೀತಿಗಾಗಿಯೂ ಅಲ್ಲ, ಕಾವಲಿಗಾಗಿ. ನಮ್ಮ ದೇಶದ ಹಳೆಯ ಮುದ್ರಿತ ಪುಸ್ತಕಗಳಲ್ಲಿ, ಅದರಲ್ಲೂ ಪಠ್ಯಪುಸ್ತಕಗಳಲ್ಲಿ, ಗ್ರಂಥಕರ್ತನ ಸಹಿಯೋ ಮೊಹರೋ ಇಲ್ಲದ ಪ್ರತಿಯನ್ನು ಕಳವಿನ ಮಾಲೆಂದು ತಿಳಿಯಬೇಕು ಎಂಬ ಎಚ್ಚರಿಕೆ ಅಚ್ಚಾಗುತ್ತಿದ್ದುದುಂಟು. ಕಳ್ಳಮುದ್ರಣದ ಭಯ ಕಡಿಮೆಯಾದ ಮೇಲೆ ಸಹಿ ಉಡುಗೊರೆಯ ಕಡೆಗೆ ತಿರುಗಿತು. ಲೇಖಕನಿಗೆ ಗೌರವಧನದ ಬದಲು ಒಂದಿಷ್ಟು ಪ್ರತಿಗಳನ್ನೇ ಕೊಟ್ಟು ಕೈತೊಳೆದುಕೊಳ್ಳುವುದು ನಮ್ಮಲ್ಲಿ ಅಪರೂಪವಲ್ಲ. ಅವನು ಆ ಕಟ್ಟನ್ನು ಇಟ್ಟುಕೊಂಡು ಮಾಡುವುದಾದರೂ ಏನು? ‘ವಿಶ್ವಾಸಪೂರ್ವಕ’ ಎಂದು ಬರೆದು ಹಂಚುತ್ತಾನೆ. ಪಡೆದವರು ಅದನ್ನು ಓದಬೇಕಾದ ಋಣವನ್ನು ಹೊತ್ತು ತಿರುಗುತ್ತಾರೆ. ಅಂಥ ಪ್ರತಿಗಳಲ್ಲಿ ಎಷ್ಟೋ ಪುಟ ಮಾಸದೆ ಹಳೆಪುಸ್ತಕದ ರಾಶಿ ಸೇರಿರುವುದನ್ನು ನಾನೇ ನೋಡಿದ್ದೇನೆ.

ಸಹಿ ಬೇಡಿ ಪಡೆಯುವ ಹುಚ್ಚು ಇರಲಿಲ್ಲವೆಂದೇನಲ್ಲ. ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರು ಹದಿಹರೆಯದಲ್ಲಿ ದೊಡ್ಡ ಬರಹಗಾರರ ಚಿತ್ರ ಬಿಡಿಸಿ, ಅವರಿಗೇ ಕಳುಹಿಸಿ ಹಸ್ತಾಕ್ಷರ ಕೇಳುತ್ತಿದ್ದರು. ಐರಿಷ್ ನಾಟಕಕಾರ ಶಾನ್ ಓಕೇಸಿ, ಇದರಲ್ಲಿ ಕಾಲ ಕಳೆಯಬೇಡ, ಮುಂದೆ ಜನ ನಿನ್ನ ಹಸ್ತಾಕ್ಷರ ಕೇಳುವಂಥದ್ದೇನಾದರೂ ಮಾಡು ಎಂಬರ್ಥದ ಕಾಗದ ಬರೆದರು. ಕಾರ್ನಾಡರು ಅದನ್ನು ಹಲವು ಬಾರಿ ನೆನಪಿಸಿಕೊಂಡಿದ್ದಾರೆ. ನನಗೆ ಇಲ್ಲಿ ಮುಖ್ಯವೆನಿಸುವುದು ಬೇರೆ: ಆ ಕಾಗದ ಬಂದದ್ದು ಅಂಚೆಯಲ್ಲಿ. ನಮ್ಮ ಕಡೆ ಲೇಖಕರು ಮಾತ್ರವಲ್ಲ, ಪುಸ್ತಕಗಳೂ ಅಂಚೆಯಲ್ಲೇ ಬರುತ್ತಿದ್ದವು.

ಅದಕ್ಕೆ ನಕಾಶೆಯಲ್ಲೇ ಕಾರಣವಿದೆ. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, 1956ರವರೆಗೆ ಅಲ್ಲೇ ಇತ್ತು. ಕಾರವಾರದ ಹುಡುಗ ಓದಲು, ದುಡಿಯಲು ನೋಡುತ್ತಿದ್ದುದು ಮುಂಬಯಿಯತ್ತ. ಶಿರಸಿಯವರಿಗೆ ಹತ್ತಿರದ್ದು ಧಾರವಾಡ. ಜಿ. ಬಿ. ಜೋಶಿಯವರು ಧಾರವಾಡದಲ್ಲಿ 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ನಡೆದ ಪ್ರಕಾಶನ. ಮೊದಲೇ ಹಣ ಕಟ್ಟಿದರೆ ಪುಸ್ತಕಗಳು ಮನೆಗೆ ಬರುತ್ತಿದ್ದವು. ಓದುಗನಿಗೆ ಅಂಗಡಿಯ ಮೆಟ್ಟಿಲು ಹತ್ತುವ ಅಗತ್ಯವೇ ಇರಲಿಲ್ಲ. ಬೇಂದ್ರೆ, ಕುರ್ತಕೋಟಿ, ಕಾರ್ನಾಡರಂಥವರು ಕೂಡಿ ಹರಟಿದ, ಜಗಳಾಡಿದ ಗ್ರಂಥಮಾಲೆಯ ‘ಅಟ್ಟ’ ಕನ್ನಡ ಸಾಹಿತ್ಯದಲ್ಲಿ ಐತಿಹ್ಯವಾಗಿದೆ. ಅದು ಪ್ರಕಾಶಕರ ಕಚೇರಿ. ಕಾರ್ನಾಡರ ಮೊದಲ ನಾಟಕ 1961ರಲ್ಲಿ ಅಲ್ಲಿಂದಲೇ ಹೊರಬಂತು.

ಲೇಖಕನೇ ಮಾರಾಟಗಾರನೂ ಆಗಿದ್ದ ಇನ್ನೊಂದು ದಾರಿ ಅದಕ್ಕೂ ಹಳೆಯದು. ಹಾವೇರಿ ಸೀಮೆಯ ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ಅಲೆದು ಮಾರಿದ್ದನ್ನು ನಮ್ಮ ಹಿರಿಯರು ಭಕ್ತಿಯಿಂದ ಹೇಳುತ್ತಾರೆ. ಲೇಖಕ ಓದುಗನ ಜಗಲಿಗೆ ಹೋದ ಆ ಕಥೆಯಲ್ಲೂ ಪುಸ್ತಕದಂಗಡಿ ಇಲ್ಲ.

ಇನ್ನು ಊರಲ್ಲೇ ಉಳಿದ ಬರಹಗಾರರನ್ನು ನೋಡಲು ಸಭೆ ಯಾಕೆ ಬೇಕಿತ್ತು? ಗೋಕರ್ಣದಲ್ಲಿ ಗೌರೀಶ ಕಾಯ್ಕಿಣಿಯವರು, ಅಂಕೋಲೆಯ ಕಡೆ ಚುಟುಕದ ದಿನಕರ ದೇಸಾಯಿಯವರು, ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಸು. ರಂ. ಎಕ್ಕುಂಡಿಯವರು. ಪಕ್ಕದ ಹನೇಹಳ್ಳಿಯಿಂದ ಹೊರಟ ಯಶವಂತ ಚಿತ್ತಾಲರು ಮುಂಬಯಿಯಲ್ಲಿದ್ದೇ ಹನೇಹಳ್ಳಿಯನ್ನು ಬರೆದರು. ಗೋಕರ್ಣ, ಬಂಕಿಕೊಡ್ಲ, ಹನೇಹಳ್ಳಿ ಮೂರೂ ಒಂದಕ್ಕೊಂದು ನಡೆದು ಹೋಗುವಷ್ಟು ಹತ್ತಿರ. ಅಷ್ಟು ಸಣ್ಣ ನೆಲದಲ್ಲಿ ಅಷ್ಟು ಮಂದಿ ಬರೆಯುವವರು! ಕವಿಯೇ ತರಗತಿಯ ಮಾಸ್ತರರಾಗಿರುವಾಗ ಅವರ ಸಹಿ ಪ್ರಗತಿಪತ್ರದ ಮೇಲೆ ಇದ್ದೇ ಇರುತ್ತಿತ್ತು. ಇನ್ನೊಂದನ್ನು ಸಾಲಿನಲ್ಲಿ ನಿಂತು ಪಡೆಯುವ ಉಮೇದು ಯಾರಿಗೆ?

ಲೇಖಕ, ಓದುಗ, ಮಾರಾಟ ಮೂರೂ ಒಂದೆಡೆ ಸೇರುತ್ತಿದ್ದುದು ಸಮ್ಮೇಳನಗಳಲ್ಲಿ. ಕನ್ನಡ ಸಾಹಿತ್ಯ ಸಮ್ಮೇಳನ ಈ ಜಿಲ್ಲೆಗೆ 1931ರಲ್ಲಿ ಬಂತು, ಕಾರವಾರಕ್ಕೆ, ಮುಳಿಯ ತಿಮ್ಮಪ್ಪಯ್ಯನವರ ಅಧ್ಯಕ್ಷತೆಯಲ್ಲಿ. ಐವತ್ತರ ದಶಕದಲ್ಲಿ ಕುಮಟೆಗೆ, 1982ರಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ಶಿರಸಿಗೆ. ಗೋಷ್ಠಿಯ ಪೆಂಡಾಲಿಗಿಂತ ಪುಸ್ತಕ ಮಳಿಗೆಗಳ ಸಾಲಿನಲ್ಲೇ ಹೆಚ್ಚು ಜನ ಎಂಬುದು ಎಲ್ಲ ಸಮ್ಮೇಳನಗಳ ಗುಟ್ಟು. ಆದರೆ ಮೂರು ದಿನ ಕಳೆದರೆ ಪೆಂಡಾಲು ಬಿಚ್ಚುತ್ತದೆ.

ವರ್ಷದ ಉಳಿದ ದಿನಗಳಲ್ಲಿ ನಮಗೆ ಸಿಕ್ಕಿದ್ದು ಬಿಡುಗಡೆ ಸಮಾರಂಭ. ಅದರ ವಿಧಿಗಳು ಮದುವೆಯಷ್ಟೇ ಖಚಿತ. ಪ್ರಾರ್ಥನೆ, ಸ್ವಾಗತ, ದೀಪ. ಬಣ್ಣದ ಕಾಗದದಲ್ಲಿ ಸುತ್ತಿದ ಪುಸ್ತಕ ತಟ್ಟೆಯಲ್ಲಿ ಬರುತ್ತದೆ. ಅಧ್ಯಕ್ಷರು ರಿಬ್ಬನ್ನಿನ ಗಂಟಿನೊಡನೆ ಹೋರಾಡುತ್ತಾರೆ, ಯಾರೋ ಕತ್ತರಿ ತರುತ್ತಾರೆ. ವೇದಿಕೆಯಲ್ಲಿದ್ದವರೆಲ್ಲ ಒಂದೊಂದು ಪ್ರತಿ ಎದೆಗೊತ್ತಿ ಹಿಡಿದು ಕ್ಯಾಮೆರಾ ನೋಡುತ್ತಾರೆ. ಆಮೇಲೆ ಮುಕ್ಕಾಲು ಗಂಟೆ ಪುಸ್ತಕ ಪರಿಚಯ, ಅದರಲ್ಲೇ ಕಥೆಯ ಕೊನೆಯೂ ಬಯಲು. ಲೇಖಕರ ಸರದಿ ಬರುವಾಗ ಹಿಂದಿನ ಸಾಲಿನವರು ಕೊಡೆ ಹುಡುಕುತ್ತಿರುತ್ತಾರೆ. ಮಾರಾಟದ ಮೇಜು ಎಲ್ಲಿರುತ್ತದೆ ಎಂದರೆ, ಹೊರಗೆ, ಚಪ್ಪಲಿಗಳ ಪಕ್ಕ.

ಬಿಡುಗಡೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ, ಅಲ್ಲಿನ ಅವಲಕ್ಕಿ ನಾನೂ ತಿಂದವನೇ. ಮಾರಾಟದ ಮೇಜು ಚಪ್ಪಲಿಯ ಪಕ್ಕಕ್ಕೆ ಹೋದದ್ದು ಯಾಕೆಂದು ಕೇಳಬೇಕು. ಉತ್ತರ ಲೆಕ್ಕದ ಪುಸ್ತಕದಲ್ಲಿದೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರಲ್ಲಿ ಬಂದ ಮೇಲೆ ಕ್ರಮೇಣ ಸಗಟು ಖರೀದಿ ಕನ್ನಡ ಪ್ರಕಾಶನದ ಆಧಾರವಾಯಿತು. ಸಾವಿರ ಪ್ರತಿ ಅಚ್ಚಾಗುವ ಪುಸ್ತಕ ಗ್ರಂಥಾಲಯಕ್ಕೆ ಆಯ್ಕೆಯಾದರೆ ಸುಮಾರು ಮುನ್ನೂರು ಪ್ರತಿ ಒಂದೇ ಏಟಿಗೆ ಹೋಗುತ್ತದೆ. ಅಷ್ಟನ್ನು ಶಿರಸಿ, ಕುಮಟೆ, ಕಾರವಾರದ ಅಂಗಡಿಗಳಲ್ಲಿ ಒಂದೊಂದಾಗಿ ಮಾರಲು ಎಷ್ಟು ವರ್ಷ ಬೇಕು! ಹಾಗಾಗಿ ಪ್ರಕಾಶಕನಿಗೆ ಬೇಕಾದದ್ದು ಪುಸ್ತಕ ಬಂದಿದೆ ಎಂಬ ಸುದ್ದಿ, ಮರುದಿನದ ಪತ್ರಿಕೆಯಲ್ಲೊಂದು ಚಿತ್ರ. ಎದುರು ಕುಳಿತ ಓದುಗ ಚೀಲ ತೆರೆಯಬೇಕೆಂಬ ಒತ್ತಡ ಯಾರಿಗೂ ಇರಲಿಲ್ಲ. ಸಗಟು ಖರೀದಿ ತಡವಾದಾಗ, ಬಾಕಿ ಬೆಳೆದಾಗ ಪ್ರಕಾಶಕರಿಗೆ ಬಿಡಿ ಓದುಗನ ನೆನಪಾಗುತ್ತದೆ. ಲೇಖಕರನ್ನು ಅಂಗಡಿಗೆ ಕಳುಹಿಸುವ ಉತ್ಸಾಹ ಈಚೆಗೆ ಹೆಚ್ಚಿರುವುದಕ್ಕೆ ಸಾಹಿತ್ಯಪ್ರೀತಿಯ ಜೊತೆಗೆ ಇದೂ ಕಾರಣವೆಂದು ನನ್ನ ಎಣಿಕೆ.

ಅಂಗಡಿಯವರ ಕಷ್ಟ ಬೇರೆ. ಸಣ್ಣ ಊರಿನ ಪುಸ್ತಕದಂಗಡಿ ಎಂದರೆ ಜೂನ್ ತಿಂಗಳ ನೋಟ್‌ಬುಕ್ಕು, ಯುಗಾದಿಯ ಬಗ್ಗೋಣ ಪಂಚಾಂಗ, ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿ. ಕಥೆ, ಕವಿತೆ ಇರುವುದು ಮಾಲೀಕರ ಚಟಕ್ಕೆ. ಕಡಲ ತಡಿಯಲ್ಲಿ ಆ ಚಟದ ಮೇಲೇ ಬದುಕಿದ ಅಂಗಡಿ ಮಂಗಳೂರಿನ ಅತ್ರಿ ಬುಕ್ ಸೆಂಟರ್. 1975ರಿಂದ 2012ರವರೆಗೆ ನಡೆದು, ಮಾಲೀಕರೇ ಸಾಕೆಂದು ಬಾಗಿಲು ಹಾಕಿದರು. ನಮ್ಮೂರಿನ ಲೆಕ್ಕ ಹೀಗಿದೆ: 200 ರೂಪಾಯಿಯ ಪುಸ್ತಕಕ್ಕೆ ಪ್ರಕಾಶಕರು ಶೇ 35 ರಿಯಾಯಿತಿ ಕೊಟ್ಟರೆ ಅಂಗಡಿಗೆ 70 ರೂಪಾಯಿ. ಕೊಳ್ಳುವವರು ಶೇ 10 ಕಡಿತ ಕೇಳಿಯೇ ಕೇಳುತ್ತಾರೆ, 20 ಹೋಯಿತು. ಸಾಗಾಟದ ವೆಚ್ಚ ಬಿಟ್ಟರೂ ಉಳಿಯುವುದು 50. ಒಂದು ಸಂಜೆಗೆ ಇಪ್ಪತ್ತು ಪ್ರತಿ ಹೋದರೆ ಸಾವಿರ ರೂಪಾಯಿ. ಅದರಲ್ಲಿ ಕುರ್ಚಿ ಬಾಡಿಗೆ, ಚಹಾ, ಫ್ಲೆಕ್ಸು, ಲೇಖಕರ ರಾತ್ರಿಯ ಬಸ್ಸಿನ ಟಿಕೆಟು. ಹೆಗ್ಡೆ ಎಂದು ಬರೆದ ಆ ಪ್ರತಿಯ ನಷ್ಟ ಬೇರೆ.

ಹೊರದೇಶಗಳಲ್ಲಿ ಇದು ಹುಟ್ಟಿದ್ದೇ ದುಡ್ಡಿನ ಸುತ್ತ. ಚಾರ್ಲ್ಸ್ ಡಿಕನ್ಸ್ 1858ರಿಂದ ಟಿಕೆಟು ಮಾರಿ ತಮ್ಮ ಕಥೆ ಓದುತ್ತ ಊರೂರು ತಿರುಗಿ ಸಾಕಷ್ಟು ಸಂಪಾದಿಸಿದರು. ಅವು ಸಭಾಂಗಣಗಳು. ಪುಸ್ತಕದಂಗಡಿಯೊಳಗೆ ಓದುವ ಪದ್ಧತಿಗೆ ಹೆಸರು ತಂದದ್ದು ಪ್ಯಾರಿಸ್ಸಿನ ಒದೆಯೋನ್ ಬೀದಿಯ ಎದುರುಬದುರಿನ ಎರಡು ಅಂಗಡಿಗಳು, ಆದ್ರಿಯೆನ್ ಮೊನಿಯೆ ಮತ್ತು ಸಿಲ್ವಿಯಾ ಬೀಚ್ ಅವರವು. ಅಲ್ಲಿಯೂ 1921ರ ಡಿಸೆಂಬರಿನಲ್ಲಿ ಜೇಮ್ಸ್ ಜಾಯ್ಸ್ ಅವರ ಇನ್ನೂ ಹೊರಬರದ ಕಾದಂಬರಿಯ ಬಗ್ಗೆ ಕೂಟ ಸೇರಿದಾಗ ಮುಖ್ಯ ಉಪನ್ಯಾಸ ಕೊಟ್ಟವರು ವಿಮರ್ಶಕ ವಾಲೆರಿ ಲಾರ್ಬೊ. ನಮ್ಮ ‘ಪುಸ್ತಕ ಪರಿಚಯ’ದ ಭಾಷಣಕಾರರಿಗೆ ಇದು ಸಮಾಧಾನ ತರಬೇಕು.

ನಮ್ಮಲ್ಲಿ ಗಟ್ಟಿಯಾಗಿ ಓದುವುದು ಹೊಸದೇನಲ್ಲ. ಕುಮಾರವ್ಯಾಸನನ್ನು, ಜೈಮಿನಿಯನ್ನು ಮನೆಯಲ್ಲಿ ರಾಗವಾಗಿ ಓದಿಸಿ ಅರ್ಥ ಹೇಳಿಸಿದ ಸೀಮೆಯಿದು. ಓದುವವರು ಒಬ್ಬರು, ವಿವರಿಸುವವರು ಇನ್ನೊಬ್ಬರು, ಬರೆದವನು ತೀರಿಕೊಂಡು ಶತಮಾನಗಳಾಗಿವೆ. ಬರೆದವನೇ ಎದುರು ಕುಳಿತು, ರಾಗವಿಲ್ಲದೆ, ತಲೆ ಬಗ್ಗಿಸಿ ಗದ್ಯ ಓದಿದರೆ ಈ ಕಿವಿಗಳಿಗೆ ರುಚಿಸುವುದು ಕಷ್ಟ. ಮಳೆಗಾಲದ ತಾಳಮದ್ದಳೆಗಳಲ್ಲಿ ಅರ್ಥಧಾರಿಗಳ ವಾದ ಕೇಳಿ ಬೆಳೆದವರು ಇವರು. ಅದಕ್ಕೇ ಇಲ್ಲಿನ ಅಂಗಡಿಗಳಲ್ಲಿ ಓದು ಇಪ್ಪತ್ತು ನಿಮಿಷವಾದರೆ ಪ್ರಶ್ನೆ ಒಂದು ಗಂಟೆ. ಆ ಭಾನುವಾರವೂ ಮಾಸ್ತರರು ಎದ್ದು, ಮೂರನೇ ಕಥೆಯಲ್ಲಿ ಅಡಿಕೆ ಕೊನೆಯನ್ನು ಆಷಾಢದಲ್ಲಿ ಕೊಯ್ಯಿಸಿದ್ದೀರಲ್ಲ, ಯಾವ ತೋಟದಲ್ಲಿ ಎಂದು ಕೇಳಿದರು. ಲೇಖಕರು ಒಂದು ಕ್ಷಣ ಸುಮ್ಮನಿದ್ದು, ಎರಡನೇ ಮುದ್ರಣದಲ್ಲಿ ತಿದ್ದುತ್ತೇನೆ ಎಂದರು. ಯಾವ ಸಭಾಂಗಣದ ಮುಖ್ಯ ಅತಿಥಿಯೂ ಹೇಳದ ವಿಮರ್ಶೆ ಅದು.

2020ರ ಲಾಕ್‌ಡೌನ್ ಈ ಕಥೆಗೆ ವಿಚಿತ್ರ ತಿರುವು ಕೊಟ್ಟಿತು. ಬಿಡುಗಡೆಗಳು ಮೊಬೈಲ್ ಪರದೆಗೆ ಬಂದವು. ಮುಂಗಡ ಕಾದಿರಿಸಿದರೆ ಲೇಖಕರ ಸಹಿಯಿರುವ ಪ್ರತಿ ಎಂಬ ಜಾಹೀರಾತು ಸಾಮಾನ್ಯವಾಯಿತು. ಸಹಿಗೆ ಮೊದಲ ಬಾರಿ ಬೆಲೆ ಬಂದದ್ದು ಹೀಗೆ, ಅಂಚೆಯ ಮೂಲಕವೇ. ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೌಲಭ್ಯವನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿದಾಗ ಸಣ್ಣ ಪ್ರಕಾಶಕರು ಕಂಗಾಲಾದರು. ಅಂಗಡಿಯವರಿಗೆ ಮಾತ್ರ ಸ್ವಲ್ಪ ಉಸಿರು ಬಂದಿರಬೇಕು, ಬಾಯಿಬಿಟ್ಟು ಹೇಳುವುದಿಲ್ಲ.

ಈಗ ಉಳಿದಿರುವ ಸಮಸ್ಯೆ ದಿನ ಗೊತ್ತು ಮಾಡುವುದು. ಕೊನೆಕೊಯ್ಲಿನ ತಿಂಗಳುಗಳಲ್ಲಿ ಸಂಜೆಯೆಂದರೆ ಮನೆಯಲ್ಲಿ ಅಡಿಕೆ ಸುಲಿಯುವ ಹೊತ್ತು, ಯಾರೂ ಬರುವುದಿಲ್ಲ. ಮಾರಿಕಾಂಬಾ ಜಾತ್ರೆಯ ವರ್ಷ ಆ ದಿನಗಳನ್ನು ಕೇಳಲೇಬೇಡಿ. ಬೇಸಿಗೆಯಲ್ಲಿ ಮದುವೆ, ಮುಂಜಿ, ಯಕ್ಷಗಾನ. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದರೆ ಕುಮಟೆಯಿಂದ ಬರಬೇಕಾದವರು ಅಲ್ಲೇ ಉಳಿಯುತ್ತಾರೆ. ಹಳ್ಳಿಯ ಕೊನೆಯ ಬಸ್ಸು ಹೊರಡುವ ಮೊದಲು ಮುಗಿಯಬೇಕಾದ್ದರಿಂದ ಭಾನುವಾರ ನಾಲ್ಕು ಗಂಟೆಯೇ ಗಟ್ಟಿ.

ಅಂದು ಕಾರ್ಯಕ್ರಮ ಮುಗಿದ ಮೇಲೆ ಅಂಗಡಿಯವರು ಲೇಖಕರಿಂದ ಇನ್ನೂ ಒಂಬತ್ತು ಪ್ರತಿಗಳಿಗೆ ಬರೀ ಸಹಿ ಹಾಕಿಸಿ ಇಟ್ಟುಕೊಂಡರು. ಬರಲಾಗದ ಗಿರಾಕಿಗಳಿಗೆಂದು. ಸಹಿಯಾದ ಪ್ರತಿಗಳನ್ನು ಪ್ರಕಾಶಕರಿಗೆ ಹಿಂದಿರುಗಿಸುವ ಹಾಗಿಲ್ಲ, ಮಾರಲೇಬೇಕು. ಚೌತಿಯ ಸಂತೆಗೆ ಪೇಟೆಗೆ ಹೋದಾಗ ಕಪಾಟಿನಲ್ಲಿ ನಾಲ್ಕು ಉಳಿದಿದ್ದವು. ಹೆಗ್ಡೆಯವರ ಪ್ರತಿ ಎಲ್ಲಿ ಎಂದು ಕೇಳಿದೆ. ಕುಂದಾಪುರದಿಂದ ಬ್ಯಾಂಕಿಗೆ ವರ್ಗವಾಗಿ ಬಂದವರೊಬ್ಬರು ಪೂರ್ತಿ ಬೆಲೆ ಕೊಟ್ಟು ಒಯ್ದರಂತೆ.