ಮೂರು ಡೆಸಿಬೆಲ್ ತಪ್ಪಿದರೆ ಅರ್ಧದಷ್ಟು ಮೀನು ಮಾಯ

1942ರಲ್ಲಿ, ಶತ್ರು ಜಲಾಂತರ್ಗಾಮಿಗಳ ಸುಳಿವು ಹಿಡಿಯಲೆಂದು ಅಮೆರಿಕದ ಚೆಸಾಪೀಕ್ ಕೊಲ್ಲಿಯಲ್ಲಿ ಹೈಡ್ರೋಫೋನ್ (ನೀರೊಳಗಿನ ಸದ್ದು ಹಿಡಿಯುವ ಮೈಕು) ಇಳಿಸಿದವರ ಕಿವಿ ತುಂಬಿದ್ದು ಕ್ರೋಕರ್ ಮೀನುಗಳ ಗದ್ದಲ. ಆದರೂ ಮೀನು ಮೂಕಜೀವಿ ಎಂಬ ನಂಬಿಕೆ ಇನ್ನೂ ಅಳಿದಿಲ್ಲ!

ಧ್ವನಿಪೆಟ್ಟಿಗೆ ಇಲ್ಲದಿದ್ದರೇನು, ಹೊಟ್ಟೆಯೊಳಗೆ ಗಾಳಿಚೀಲವಿದೆ. ಅದರ ಇಕ್ಕೆಲದ ಸ್ನಾಯು ಒಮ್ಮೆ ಬಿಗಿದರೆ ಒಂದು ಬಡಿತ. ಬಡಿತಗಳ ಸಾಲೇ ಒಂದು ಕೂಗು. ನೀರು ಬೆಚ್ಚಗಾದಷ್ಟೂ ಸ್ನಾಯು ಚುರುಕಾಗಿ ಸ್ಥಾಯಿ ಏರುತ್ತದೆ. ಆದ್ದರಿಂದ ಕೂಗು ಕೇಳಿ ಮೀನಿನ ಲೆಕ್ಕ ಹಿಡಿಯಲು ನೀರಿಗಿಳಿಸುವ ರೆಕಾರ್ಡರ್ ಜೊತೆ ತಾಪಮಾಪಕವೂ ಇಳಿಯಬೇಕು. ಇಲ್ಲವಾದರೆ ಅದೇ ಮೀನು ಬೇರೆ ಜಾತಿಯಂತೆ ಕೇಳಿಸೀತು.

ಮೊಟ್ಟೆಯಿಡುವ ಕಾಲದಲ್ಲಿ, ಹಲವು ಜಾತಿಗಳಲ್ಲಿ ಗಂಡುಗಳಷ್ಟೇ ಕೂಗುತ್ತವೆ. ಎಲ್ಲಿ, ಯಾವಾಗ ಸೇರಿವೆ ಎಂಬುದನ್ನು ರೆಕಾರ್ಡಿಂಗ್ ನೇರವಾಗಿ ಹೇಳುತ್ತದೆ. ಎಷ್ಟು ಸೇರಿವೆ ಎಂಬುದೇ ಕಷ್ಟದ ಪ್ರಶ್ನೆ. ನಾಲ್ಕು ಜನ ಚಪ್ಪಾಳೆ ತಟ್ಟಿದರೆ ಎಣಿಸಬಹುದು. ಸಭೆಯಿಡೀ ತಟ್ಟಿದರೆ ಸದ್ದಿನ ಮಟ್ಟವನ್ನಷ್ಟೇ ಅಳೆಯಬಹುದು. ಕೂಗುವ ಮೀನುಗಳು ಇಮ್ಮಡಿಯಾದರೆ ಆ ಮಟ್ಟ ಏರುವುದು ಸುಮಾರು 3 ಡೆಸಿಬೆಲ್ ಮಾತ್ರ. ಅಂದರೆ ಉಪಕರಣ 3 ಡೆಸಿಬೆಲ್ ಕಡಿಮೆ ತೋರಿಸಿದರೆ ಅರ್ಧ ಹಿಂಡೇ ಲೆಕ್ಕದಿಂದ ಜಾರಿಹೋಗುತ್ತದೆ.

ಉಪಕರಣ ತಪ್ಪು ಹೇಳಲು ಕಾರಣಗಳು ಹಲವು. ಹೈಡ್ರೋಫೋನಿನ ಮೇಲೆ ಪಾಚಿ, ಚಿಪ್ಪುಜೀವಿಗಳು ಬೆಳೆದರೆ ಅದರ ಸಂವೇದನೆ ಕುಗ್ಗುತ್ತದೆ. ಶಾಂತ ಹೊತ್ತಿನಲ್ಲಿ ಗೇನ್ (ಸದ್ದನ್ನು ಹಿಗ್ಗಿಸುವ ಪ್ರಮಾಣ) ಹೆಚ್ಚಿಟ್ಟರೆ ಕೂಗಿನ ಮೇಳ ಜೋರಾದಾಗ ಧ್ವನಿಯಲೆಯ ತುದಿ ಕತ್ತರಿಸಿಹೋಗುತ್ತದೆ. ಅದನ್ನು ಆಮೇಲೆ ಸರಿಪಡಿಸಲಾಗದು. ನೀರಿನ ಸೆಳೆತಕ್ಕೆ ಹಗ್ಗ ಗುಂಯ್‌ಗುಟ್ಟಿದರೆ ಆ ಸದ್ದು ಮೀನಿನ ಕೂಗಿನ ವ್ಯಾಪ್ತಿಯಲ್ಲೇ ಬೀಳುತ್ತದೆ. ಆದ್ದರಿಂದ ಹಗ್ಗಕ್ಕೆ ನೇತುಹಾಕದೆ, ತಳದ ಗಟ್ಟಿ ಚೌಕಟ್ಟಿಗೆ ಬಿಗಿಯುವುದು ಮೇಲು. ಕಿಣಿಕಿಣಿಸುವ ಸರಪಳಿ ಬೇಡವೇ ಬೇಡ. ದೋಣಿಯ ಎಂಜಿನ್ ಸದ್ದಿರುವ ತುಣುಕುಗಳನ್ನು ಸರಾಸರಿಯಿಂದ ಹೊರಗಿಡಬೇಕು. ಹೆಚ್ಚಿನ ಕೂಗುಗಳು 2000 ಹರ್ಟ್ಸ್‌ಗಿಂತ ಕೆಳಗಿರುವುದರಿಂದ ಸೆಕೆಂಡಿಗೆ 10,000 ಬಾರಿ ಸದ್ದನ್ನು ಅಳೆದರೆ ಧಾರಾಳ ಸಾಕು. ಬ್ಯಾಟರಿ ಉಳಿಸಲು ಪ್ರತಿ 10 ನಿಮಿಷಕ್ಕೆ 2 ನಿಮಿಷ ದಾಖಲಿಸಬಹುದು.

ಡೆಸಿಬೆಲ್ ವಿಷಯದಲ್ಲಿ ಪತ್ರಿಕೆಗಳು ಮತ್ತೆಮತ್ತೆ ಎಡವುತ್ತವೆ. ಕ್ಯಾಲಿಫೋರ್ನಿಯಾ ಕೊಲ್ಲಿಯ ಕೊರ್ವಿನಾ ಮೀನಿನ ಕೂಗು 177 ಡೆಸಿಬೆಲ್ ಮುಟ್ಟಿದ್ದು ನೀರಿನ ಲೆಕ್ಕದಲ್ಲಿ. ಅಲ್ಲಿ ಆಧಾರ ಒತ್ತಡ (ಸೊನ್ನೆ ಡೆಸಿಬೆಲ್ ಎಂದು ಎಣಿಸುವ ಒತ್ತಡ) 1 ಮೈಕ್ರೋಪಾಸ್ಕಲ್, ಗಾಳಿಯಲ್ಲಿ 20. ಮಾಧ್ಯಮದ ವ್ಯತ್ಯಾಸವನ್ನೂ ಸೇರಿಸಿ ಸುಮಾರು 62 ಕಳೆದ ಮೇಲೆಯೇ ಗಾಳಿಯ ಸದ್ದಿನೊಡನೆ ಹೋಲಿಸಬೇಕು.

ಇದೇ ಕೊರ್ವಿನಾ ಮೆಕ್ಸಿಕೋದಲ್ಲಿ ಕೊಲರಾಡೋ ನದಿಯ ಮುಖಜಭೂಮಿಗೆ ಮೊಟ್ಟೆಯಿಡಲು ಬಂದಾಗ, ಸಂಶೋಧಕರು ಹೈಡ್ರೋಫೋನ್ ಜೊತೆಗೆ, ಸದ್ದು ಹೊಮ್ಮಿಸಿ ಪ್ರತಿಧ್ವನಿಯಿಂದ ಮೀನು ಗುರುತಿಸುವ ಸೋನಾರನ್ನೂ ಓಡಿಸಿ, ಸದ್ದಿನ ಮಟ್ಟವನ್ನು ಮೀನಿನ ಸಾಂದ್ರತೆಗೆ ಜೋಡಿಸಿದರು. ಆ ಸಮೀಕರಣವನ್ನು ಇನ್ನೊಂದು ಕಡೆಗೆ ಹಾಗೇ ಹೊತ್ತೊಯ್ಯುವಂತಿಲ್ಲ: ಆಳ ಬದಲಾದರೆ, ಮರಳಿನ ಬದಲು ಕೆಸರಿದ್ದರೆ ಸದ್ದು ಹರಡುವ ರೀತಿಯೇ ಬೇರೆ. ಜಾಗ ಬದಲಾದರೆ ಸೋನಾರ್ ಮತ್ತೆ ಓಡಲೇಬೇಕು.