ಪದ ಪರಿಚಯ: ಫೈಲ್ ಮ್ಯಾನೇಜರ್‌ನ ಸ್ಪಂದನಶೀಲತೆ

ಬಳಕೆದಾರರ ಕ್ಲಿಕ್ಕಿಗೆ, ಕೀಲಿಯ ಒತ್ತಿಗೆ, ಸ್ಕ್ರೋಲಿಗೆ ಒಂದು ತಂತ್ರಾಂಶವು ಎಷ್ಟು ಬೇಗ ಓಗೊಡುತ್ತದೆ ಎಂಬ ಗುಣವನ್ನು ಸ್ಪಂದನಶೀಲತೆ ಎನ್ನುತ್ತಾರೆ. ವೇಗವೆಂದರೆ ಹಿಡಿದ ಕೆಲಸ ಮುಗಿಯಲು ಬೇಕಾಗುವ ಒಟ್ಟು ಸಮಯ; ಸ್ಪಂದನಶೀಲತೆಯೆಂದರೆ ಆ ಕೆಲಸ ಇನ್ನೂ ನಡೆಯುತ್ತಿರುವಾಗಲೂ ವಿಂಡೋ ನಮ್ಮ ಆಜ್ಞೆಗೆ ಕಿವಿಗೊಡುವುದು. ದೊಡ್ಡ ವಿಡಿಯೊ ಒಂದು ಪೆನ್‌ಡ್ರೈವ್‌ಗೆ ನಕಲಾಗುತ್ತಿರುವಾಗ ಮತ್ತೊಂದು ಫೋಲ್ಡರ್ ತೆರೆಯಲು, ಅಥವಾ ಆ ನಕಲನ್ನೇ ನಡುವೆ ರದ್ದುಪಡಿಸಲು ಸಾಧ್ಯವಾದರೆ, ಪೆನ್‌ಡ್ರೈವ್ ಎಷ್ಟೇ ನಿಧಾನವಾಗಿರಲಿ, ಆ ಫೈಲ್ ಮ್ಯಾನೇಜರ್ (ಫೈಲು, ಫೋಲ್ಡರ್‌ಗಳನ್ನು ತೋರಿಸಿ ನಿರ್ವಹಿಸುವ ತಂತ್ರಾಂಶ) ಚುರುಕಾಗಿದೆ ಎಂದೇ ನಮಗೆ ತೋರುತ್ತದೆ. ಉತ್ತರ 0.1 ಸೆಕೆಂಡಿನೊಳಗೆ ಬಂದರೆ ತಕ್ಷಣವೇ ಬಂದಂತೆ ಅನಿಸುತ್ತದೆ, 1 ಸೆಕೆಂಡು ಮೀರಿದರೆ ಯೋಚನೆಯ ಓಟ ಕಡಿಯುತ್ತದೆ ಎಂಬ ಮಿತಿಗಳನ್ನು ತಂತ್ರಾಂಶಗಳ ಬಳಕೆ-ಸುಲಭತೆಯ ತಜ್ಞ ಯಾಕೋಬ್ ನೀಲ್ಸೆನ್ 1993ರಲ್ಲಿ ವಿವರಿಸಿದ್ದು, ಅವು ಇಂದಿಗೂ ಬಳಕೆಯಲ್ಲಿವೆ.

ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿರುವ ‘ಫೈಲ್ಸ್’ ಎಂಬ ಫೈಲ್ ಮ್ಯಾನೇಜರನ್ನೇ ಉದಾಹರಣೆಯಾಗಿ ನೋಡಬಹುದು. 2001ರಲ್ಲಿ ಮೊದಲ ಆವೃತ್ತಿ ಬಂದಾಗಿನಿಂದ ಅದನ್ನು ನಾಟಿಲಸ್ ಎಂದು ಕರೆಯುತ್ತಾರೆ. ಇಂತಹ ತಂತ್ರಾಂಶದಲ್ಲಿ ಪರದೆಯ ಮೇಲೆ ಚಿತ್ರಿಸುವುದನ್ನೂ ಮೌಸ್ ಹಾಗೂ ಕೀಲಿಮಣೆಯ ಸೂಚನೆಗಳನ್ನು ಸ್ವೀಕರಿಸುವುದನ್ನೂ ಮುಖ್ಯ ಥ್ರೆಡ್ (ತಂತ್ರಾಂಶದೊಳಗೆ ಒಂದಾದ ಮೇಲೊಂದರಂತೆ ಸಾಗುವ ಕೆಲಸಗಳ ಎಳೆ) ಒಂದೇ ನಿರ್ವಹಿಸುತ್ತದೆ. ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಯಲ್ಲಿ ಪ್ರತಿ ಚೌಕಟ್ಟಿಗೆ ಅದಕ್ಕೆ ಸಿಗುವ ಅವಕಾಶ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಈ ಥ್ರೆಡ್ ಡಿಸ್ಕಿನ ಅಥವಾ ನೆಟ್‌ವರ್ಕ್‌ನ ಉತ್ತರಕ್ಕಾಗಿ ಕಾದು ನಿಂತರೆ ಇಡೀ ವಿಂಡೋ ಸ್ತಬ್ಧವಾಗುತ್ತದೆ. ಆದ್ದರಿಂದ ಕಾಯುವ ಕೆಲಸವನ್ನೆಲ್ಲ ಹಿನ್ನೆಲೆಗೆ ಒಪ್ಪಿಸಿ, ಉತ್ತರ ಬಂದಷ್ಟನ್ನು ಕಂತುಕಂತಾಗಿ ಪರದೆಗೆ ತರುವುದೇ ಸ್ಪಂದನಶೀಲತೆಯ ಮೂಲಸೂತ್ರ.

ಹತ್ತು ಸಾವಿರ ಫೋಟೊಗಳಿರುವ ಫೋಲ್ಡರನ್ನು ತೆರೆದಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಹೆಸರುಗಳ ಪಟ್ಟಿ ಬೇಗನೆ ಸಿಗುತ್ತದೆ, ಏಕೆಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ಹೆಸರುಗಳನ್ನು ಗೊಂಚಲುಗಳಲ್ಲಿ ಕೊಡುತ್ತದೆ. ಆದರೆ ಗಾತ್ರ ಮತ್ತು ದಿನಾಂಕವನ್ನು ಪ್ರತಿ ಫೈಲಿಗೂ ಪ್ರತ್ಯೇಕವಾಗಿ ಕೇಳಬೇಕಾಗುತ್ತದೆ. ಫೋಲ್ಡರ್ ಬೇರೊಂದು ಯಂತ್ರದಲ್ಲಿದ್ದು, ಒಂದು ಪ್ರಶ್ನೆ ಹೋಗಿ ಉತ್ತರ ಬರಲು 1 ಮಿಲಿಸೆಕೆಂಡು ಹಿಡಿಯುವುದಾದರೆ, ಒಂದಾದ ಮೇಲೊಂದರಂತೆ ಕೇಳಿದಾಗ ಇದಕ್ಕೇ 10 ಸೆಕೆಂಡು ಕಳೆಯುತ್ತದೆ. ಅನಂತರ ಫೈಲಿನ ಬಗೆಯನ್ನು ಗುರುತಿಸಬೇಕು. ಹೆಸರಿನ ಕೊನೆಯ ವಿಸ್ತರಣೆಯನ್ನು ನೋಡಿ ಊಹಿಸುವುದು ಅಗ್ಗದ ದಾರಿ. ಫೈಲನ್ನು ತೆರೆದು ಮೊದಲ ಕೆಲವು ಬೈಟುಗಳನ್ನು ಓದುವುದು ನಿಖರವಾದ, ಆದರೆ ದುಬಾರಿ ದಾರಿ.

ಇನ್ನು ಹೆಸರುಗಳ ವಿಂಗಡಣೆ. ಹತ್ತು ಸಾವಿರ ಹೆಸರುಗಳನ್ನು ಕ್ರಮಕ್ಕೆ ತರಲು ಸುಮಾರು 1.3 ಲಕ್ಷ ಹೋಲಿಕೆಗಳು ಬೇಕಾಗುತ್ತವೆ. ಕನ್ನಡದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವಾಗಲಾಗಲಿ, ‘ಚಿತ್ರ 10’ ಎಂಬುದು ‘ಚಿತ್ರ 9’ರ ನಂತರವೇ ಬರುವಂತೆ ನೋಡಿಕೊಳ್ಳುವಾಗಲಾಗಲಿ, ಭಾಷೆಯ ನಿಯಮಗಳನ್ನು ಪ್ರತಿ ಹೋಲಿಕೆಯಲ್ಲೂ ಹೊಸದಾಗಿ ಅನ್ವಯಿಸುವುದು ವ್ಯರ್ಥ ಶ್ರಮ. ಅದರ ಬದಲು ಪ್ರತಿ ಹೆಸರಿಗೂ ಒಮ್ಮೆ ಮಾತ್ರ ವಿಂಗಡಣಾ ಕೀಲಿಯೊಂದನ್ನು (ಆ ನಿಯಮಗಳಂತೆ ಹೆಸರನ್ನು ಬೈಟುಗಳ ಸಾಲಾಗಿ ಬದಲಿಸಿದ ರೂಪವನ್ನು) ತಯಾರಿಸಿಟ್ಟುಕೊಂಡರೆ, ಆಮೇಲಿನ ಹೋಲಿಕೆಗಳೆಲ್ಲ ಬರಿಯ ಬೈಟುಗಳ ಹೋಲಿಕೆಗಳಾಗುತ್ತವೆ. ಹೊರಗೆ ಕಾಣದ ಇಂತಹ ಅಚ್ಚುಕಟ್ಟುತನವೇ ನನಗೆ ಈ ಕ್ಷೇತ್ರದಲ್ಲಿ ಅತ್ಯಂತ ಮೆಚ್ಚುಗೆಯಾಗುವ ಸಂಗತಿ.

ಎಲ್ಲಕ್ಕಿಂತ ಭಾರವಾದದ್ದು ಥಂಬ್‌ನೇಲ್‌ಗಳ, ಅಂದರೆ ಫೋಟೊಗಳ ಪುಟ್ಟ ಪ್ರತಿರೂಪಗಳ ತಯಾರಿ. ಒಂದೊಂದು ಫೋಟೊವನ್ನೂ ಬಿಚ್ಚಿ, ಕುಗ್ಗಿಸಿ, ಉಳಿಸಬೇಕು. ಲಿನಕ್ಸ್ ಡೆಸ್ಕ್‌ಟಾಪ್‌ಗಳು ಒಪ್ಪಿಕೊಂಡಿರುವ ನಿಯಮದ ಪ್ರಕಾರ ಇವು 128, 256, 512 ಮತ್ತು 1024 ಪಿಕ್ಸೆಲ್‌ಗಳ ಅಳತೆಗಳಲ್ಲಿ, ಬಳಕೆದಾರರ ಹೋಮ್ ಫೋಲ್ಡರ್‌ನೊಳಗಿನ ಕ್ಯಾಶ್‌ನಲ್ಲಿ (ಮರುಬಳಕೆಗೆಂದು ಇಟ್ಟುಕೊಳ್ಳುವ ಸಂಗ್ರಹದಲ್ಲಿ) ಪಿಎನ್‌ಜಿ ಚಿತ್ರಗಳಾಗಿ ಉಳಿಯುತ್ತವೆ. ಮೂಲ ಫೈಲು ಕೊನೆಯ ಬಾರಿ ಬದಲಾದ ಸಮಯವನ್ನು ಆ ಚಿತ್ರದೊಳಗೇ ಬರೆದಿಡುವುದರಿಂದ, ಮುಂದಿನ ಬಾರಿ ಎರಡೂ ಸಮಯಗಳು ತಾಳೆಯಾದರೆ ಹಳೆಯದನ್ನೇ ಬಳಸಬಹುದು. ಪರದೆಯ ಮೇಲೆ ಆಗ ಕಾಣುತ್ತಿರುವ ಫೈಲುಗಳಿಗೆ ಮೊದಲ ಸರದಿ ಕೊಡುವುದೂ ಅಷ್ಟೇ ಮುಖ್ಯ. ಕೆಳಗೆಲ್ಲೋ ಇರುವ ಒಂಬತ್ತು ಸಾವಿರದನೆಯ ಫೋಟೊಗಾಗಿ ಕಣ್ಣೆದುರಿನದು ಕಾಯಬಾರದು.

ಇದೇ ತತ್ತ್ವ ಚಿತ್ರಿಸುವ ಕೆಲಸಕ್ಕೂ ಅನ್ವಯಿಸುತ್ತದೆ. ಗ್ನೋಮ್ ತಂತ್ರಾಂಶಗಳು ವಿಂಡೋ, ಗುಂಡಿ, ಪಟ್ಟಿಗಳನ್ನು ರಚಿಸಲು ಬಳಸುವ ಸಲಕರಣೆಯೇ ಜಿಟಿಕೆ. 2020ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಜಿಟಿಕೆ 4ರ ಪಟ್ಟಿಗಳು ಪರದೆಗೆ ಹಿಡಿಸುವಷ್ಟು ಮತ್ತು ಅದರ ಅಕ್ಕಪಕ್ಕದ ಕೆಲವು ಸಾಲುಗಳನ್ನು ಮಾತ್ರ ನಿರ್ಮಿಸಿ, ಸ್ಕ್ರೋಲ್ ಮಾಡಿದಂತೆ ಅವುಗಳಲ್ಲೇ ಹೊಸ ಮಾಹಿತಿಯನ್ನು ತುಂಬುತ್ತವೆ. 2022ರ ಸೆಪ್ಟೆಂಬರ್‌ನ ಗ್ನೋಮ್ 43ರಲ್ಲಿ ‘ಫೈಲ್ಸ್’ ಇದಕ್ಕೆ ವಲಸೆ ಬಂದಿತು.

ಬಳಕೆದಾರರ ಕೈಯಲ್ಲಿಯೂ ಸ್ವಲ್ಪ ನಿಯಂತ್ರಣವಿದೆ. ‘ಫೈಲ್ಸ್’ನ ಆದ್ಯತೆಗಳಲ್ಲಿ ಥಂಬ್‌ನೇಲ್ ತೋರಿಸುವುದು, ಒಳಫೋಲ್ಡರ್‌ಗಳಲ್ಲಿ ಹುಡುಕುವುದು, ಫೋಲ್ಡರ್‌ನೊಳಗಿನ ಫೈಲುಗಳನ್ನು ಎಣಿಸುವುದು ಈ ಮೂರನ್ನೂ ಎಲ್ಲೆಡೆ, ಈ ಕಂಪ್ಯೂಟರ್‌ನಲ್ಲಿ ಮಾತ್ರ, ಅಥವಾ ಎಂದಿಗೂ ಬೇಡ ಎಂದು ಆಯ್ದುಕೊಳ್ಳಬಹುದು. ಕಚೇರಿಯ ಸರ್ವರ್‌ನಲ್ಲಿರುವ ಫೋಲ್ಡರ್‌ಗಳು ತಡವರಿಸುತ್ತಿದ್ದರೆ ಎರಡನೆಯ ಆಯ್ಕೆಯನ್ನು ಮೊದಲು ಪರೀಕ್ಷಿಸುವುದು ಒಳ್ಳೆಯದು.